ಗಿಡಕ್ಕೆ ಅಡುಗೆ ಬರುವುದಿಲ್ಲ

ನವರಾತ್ರಿಯ ಮೊದಲ ದಿನ ನಮ್ಮ ಮನೆಯಲ್ಲಿ ಘಟ ಹಾಕುತ್ತಿದ್ದರು. ಪತ್ರಾವಳಿಯ ಮೇಲೆ ಹೊಲದ ಮಣ್ಣು ಹರವಿ, ಜೋಳ, ಗೋಧಿ, ಕಡಲೆ ಕಲಸಿ ಚೆಲ್ಲಿ, ನಡುವೆ ನೀರು ತುಂಬಿದ ಮಡಕೆ ಇಡುವುದು. ಒಂಬತ್ತು ದಿನಕ್ಕೆ ದೇವರ ಕೋಣೆಯ ಕತ್ತಲಲ್ಲೇ ಗೇಣುದ್ದದ ಸಸಿಗಳು ಎದ್ದು ನಿಲ್ಲುತ್ತಿದ್ದವು. ಅವುಗಳ ಬಣ್ಣ ಮಾತ್ರ ಬೆಣ್ಣೆಯಂಥ ತಿಳಿಹಳದಿ. ಹೊಲದಲ್ಲಿ ಹಸಿರಾಗಿ ಹುಟ್ಟುವ ಜೋಳ ಇಲ್ಲೇಕೆ ಹೀಗೆ ಎಂದು ಕೇಳಿದ್ದಕ್ಕೆ ಅಜ್ಜಿ, ‘ಸೂರ್ಯಾನ ಮಾರಿ ನೋಡಿಲ್ಲಲ್ಲೋ ಅವು, ಹಸರ ಎಲ್ಲಿಂದ ಬರ್ತೈತಿ?’ ಅಂದಿದ್ದಳು. ದಸರೆಯ ದಿನ ಒಂದಿಷ್ಟನ್ನು ಮುಡಿದುಕೊಂಡು, ಉಳಿದದ್ದನ್ನು ತುಳಸಿಕಟ್ಟೆಯ ಬುಡಕ್ಕೆ ಇಟ್ಟರೆ ಸಂಜೆಯ ಹೊತ್ತಿಗೆ ಅವುಗಳ ಮೈಗೆ ಹಸಿರು ಏರತೊಡಗುತ್ತಿತ್ತು.

ಅಜ್ಜಿಯ ಮಾತು ಅಕ್ಷರಶಃ ಸರಿ. ಕತ್ತಲಲ್ಲಿ ಹುಟ್ಟಿದ ಎಲೆಯ ಕೋಶಗಳಲ್ಲಿ ಹಸಿರಾಗಬೇಕಾದ ಕಣಗಳು ಆಗಲೇ ಸಿದ್ಧವಾಗಿ ಕೂತಿರುತ್ತವೆ. ಪತ್ರಹರಿತ್ತಿನ ತಯಾರಿಯೂ ಬಹುತೇಕ ಮುಗಿದಿರುತ್ತದೆ. ಉಳಿದಿರುವ ಒಂದು ಮೆಟ್ಟಿಲನ್ನು ದಾಟಿಸುವ ಕಿಣ್ವ, ಹೂಬಿಡುವ ಸಸ್ಯಗಳಲ್ಲಿ, ಬೆಳಕು ಬಿದ್ದಾಗಷ್ಟೇ ಕೆಲಸ ಮಾಡುತ್ತದೆ. ಅಂಗಳಕ್ಕೆ ತಂದದ್ದೇ ತಡ, ಆ ಮೆಟ್ಟಿಲು ದಾಟಿ, ಒಳಗಿನ ಪೊರೆಗಳು ಮಡಚಿ ಒಟ್ಟಿಕೊಂಡು, ಹಳದಿ ಕಣ ಹಸಿರು ಕಣವಾಗುತ್ತದೆ. ಆ ಹಸಿರು ಕಣವೇ ಕ್ಲೋರೋಪ್ಲಾಸ್ಟ್.

ಎಲೆ ಎಂದರೆ ಗಿಡದ ಅಡುಗೆಮನೆ ಎಂದು ಶಾಲೆಯಲ್ಲಿ ಓದಿದ್ದೆವು. ಹೋಲಿಕೆ ಚೆನ್ನಾಗಿದೆ, ತಪ್ಪೂ ಅಲ್ಲ. ಆದರೆ ಅಡುಗೆಯವರು ಯಾರು ಎಂಬುದನ್ನು ಅದು ಹೇಳುವುದಿಲ್ಲ. ಬಿಸಿಲು, ನೀರು, ಗಾಳಿ ಸೇರಿಸಿ ಸಕ್ಕರೆ ಮಾಡುವ ವಿದ್ಯೆ ಯಾವ ಗಿಡಕ್ಕೂ ಎಂದೂ ಸ್ವಂತವಾಗಿ ಬಂದದ್ದಲ್ಲ. ಅದು ಒಂದು ಬ್ಯಾಕ್ಟೀರಿಯಾದ ವಿದ್ಯೆ. ಆ ಬ್ಯಾಕ್ಟೀರಿಯಾದ ಸಂತತಿ ನೂರು ಕೋಟಿ ವರ್ಷಗಳಿಗೂ ಹಿಂದೆ ಇನ್ನೊಂದು ಜೀವಕೋಶದ ಒಳಗೆ ಸೇರಿಕೊಂಡು, ಇವತ್ತಿಗೂ ಅಲ್ಲೇ ಅಡುಗೆ ಮಾಡುತ್ತಿದೆ.

ಈ ಅಡುಗೆಯವರನ್ನು ಕಣ್ಣಾರೆ ನೋಡಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಕೆರೆಯ ಹೈಡ್ರಿಲ್ಲಾದ ಒಂದು ಎಲೆ, ಕಾಲೇಜಿನ ಹಳೆಯ ಸೂಕ್ಷ್ಮದರ್ಶಕ ಸಾಕು. ಇಟ್ಟಿಗೆ ಜೋಡಿಸಿದಂತಿರುವ ಕೋಶಗಳೊಳಗೆ ಹೆಸರುಕಾಳಿನಂಥ ಹಸಿರು ಕಣಗಳು ಗೋಡೆಯ ಗುಂಟ ಮೆಲ್ಲಗೆ ಸುತ್ತು ಹೊಡೆಯುತ್ತಿರುತ್ತವೆ. ಒಂದು ಮಿಲಿಮೀಟರ್ ಉದ್ದದಲ್ಲಿ ನೂರರಿಂದ ಇನ್ನೂರು ಸಾಲಾಗಿ ಕೂರಬಹುದಾದಷ್ಟು ಚಿಕ್ಕವು. ಒಂದೊಂದು ಕೋಶದಲ್ಲಿ ಹತ್ತಾರು, ಕೆಲವು ಗಿಡಗಳಲ್ಲಿ ನೂರರ ಸಮೀಪ. ಮೋಡ ಕವಿದ ದಿನ ಅವು ಎಲೆಯ ಮೇಲ್ಮುಖಕ್ಕೆ ಬಂದು ಹರಡಿಕೊಳ್ಳುತ್ತವೆ, ಬಿಸಿಲು ಚುರುಕಾದರೆ ಪಕ್ಕದ ಗೋಡೆಗಳಿಗೆ ಸರಿದು ಒಂದರ ಹಿಂದೊಂದು ನೆರಳಿಗೆ ನಿಲ್ಲುತ್ತವೆ. ಗಿಡ ಕದಲುವುದಿಲ್ಲ ಅನ್ನುವವರು ಈ ಓಡಾಟ ನೋಡಿಲ್ಲ.

ಕಣದ ಒಳಗೆ ತೆಳುವಾದ ಚಪ್ಪಟೆ ಚೀಲಗಳು, ದೋಸೆ ಒಂದರ ಮೇಲೊಂದು ಪೇರಿಸಿದ ಹಾಗೆ. ಇವು ಥೈಲಕಾಯ್ಡ್‌ಗಳು. ಪತ್ರಹರಿತ್ತು ಇರುವುದು ಈ ಚೀಲಗಳ ಪೊರೆಯಲ್ಲಿ. ಅದು ಬಿಸಿಲಿನ ಕೆಂಪು ಮತ್ತು ನೀಲಿಯನ್ನು ಹೆಚ್ಚಾಗಿ ನುಂಗಿ ಹಸಿರಿನಲ್ಲಿ ಒಂದಷ್ಟನ್ನು ಬಿಟ್ಟುಕೊಡುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಹಾಗೆ ಬಿಟ್ಟುಕೊಟ್ಟ ಬಣ್ಣ. ಬೆಳಕು ಬಿದ್ದ ಪತ್ರಹರಿತ್ತು ಒಂದು ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ. ಕಳೆದದ್ದನ್ನು ಎಲ್ಲಿಂದಲಾದರೂ ತುಂಬಿಕೊಳ್ಳಬೇಕು. ಅದನ್ನು ನೀರಿನಿಂದ ಕಿತ್ತುಕೊಳ್ಳುವುದೇ ಇಡೀ ಕಥೆಯ ಅತ್ಯಂತ ಅಸಾಧ್ಯವೆನಿಸುವ ಭಾಗ. ನೀರು ಸುಲಭವಾಗಿ ಒಡೆಯುವ ವಸ್ತುವಲ್ಲ. ಕ್ಲೋರೋಪ್ಲಾಸ್ಟಿನಲ್ಲಿ ಅದನ್ನು ಒಡೆಯುವುದು ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಐದು ಆಮ್ಲಜನಕ ಪರಮಾಣು ಸೇರಿದ ಒಂದು ಸಣ್ಣ ಗಂಟು. ಬೆಳಕಿನ ಒಂದೊಂದು ಏಟಿಗೆ ಒಂದೊಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತಾ ಹೋಗಿ, ನಾಲ್ಕನೆಯದಕ್ಕೆ ಲೆಕ್ಕ ಚುಕ್ತಾ ಮಾಡಿ, ಎರಡು ನೀರಿನ ಅಣುಗಳಿಂದ ಒಂದು ಆಮ್ಲಜನಕದ ಅಣುವನ್ನು ಹೊರಗೆ ತಳ್ಳುತ್ತದೆ. 1969ರಲ್ಲಿ ಪಿಯರ್ ಝೋಲಿಯೊ ಕತ್ತಲಲ್ಲಿಟ್ಟ ಕ್ಲೋರೋಪ್ಲಾಸ್ಟ್‌ಗಳಿಗೆ ಕ್ಷಣಮಾತ್ರದ ಬೆಳಕಿನ ಮಿಂಚುಗಳನ್ನು ಒಂದಾದ ಮೇಲೊಂದು ಕೊಟ್ಟು ನೋಡಿದಾಗ ಆಮ್ಲಜನಕ ನಾಲ್ಕರ ತಾಳದಲ್ಲೇ ಏರಿಳಿಯಿತು. ಅರಳಿಮರದಲ್ಲೂ, ಬಚ್ಚಲ ಗೋಡೆಯ ಪಾಚಿಯಲ್ಲೂ ಇರುವುದು ಇದೇ ಗಂಟು. ಇದಕ್ಕೆ ಪರ್ಯಾಯವನ್ನು ಪ್ರಕೃತಿ ಇನ್ನೊಮ್ಮೆ ಕಂಡುಹಿಡಿದ ಹಾಗೆ ಕಾಣುವುದಿಲ್ಲ. ನಾವು ಉಸಿರಾಡುವ ಆಮ್ಲಜನಕ ಈ ಕೆಲಸದ ಕಸ.

ಕಿತ್ತ ಎಲೆಕ್ಟ್ರಾನು ಪೊರೆಯ ಗುಂಟ ಕೈಯಿಂದ ಕೈಗೆ ದಾಟುತ್ತಾ ಹೋಗುವಾಗ ಜಲಜನಕದ ಅಯಾನುಗಳು, ಅಂದರೆ ಪ್ರೋಟಾನುಗಳು, ಚೀಲದ ಒಳಗೆ ಜಮೆಯಾಗುತ್ತವೆ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ಕಟ್ಟಿದ ಹಾಗೆ. ತುಂಬಿದ ಪ್ರೋಟಾನು ಹೊರಗೆ ಹರಿಯಬೇಕೆಂದರೆ ಒಂದೇ ದಾರಿ, ಪೊರೆಯಲ್ಲಿ ಕೂತಿರುವ ಒಂದು ಪ್ರೋಟೀನ್ ಚಕ್ರ. ಅದು ಟರ್ಬೈನಿನಂತೆ ನಿಜಕ್ಕೂ ತಿರುಗುತ್ತದೆ, ತಿರುಗಿದಷ್ಟೂ ಎಟಿಪಿ ಎಂಬ ಶಕ್ತಿಯ ಚಿಲ್ಲರೆ ನಾಣ್ಯಗಳು ಟಂಕಗೊಳ್ಳುತ್ತವೆ. 1961ರಲ್ಲಿ ಪೀಟರ್ ಮಿಚೆಲ್ ಈ ವಿಚಾರ ಮುಂದಿಟ್ಟಾಗ ನಂಬಿದವರು ಕಡಿಮೆ.

ನಂಬಿಸಿದ್ದು ಪಾಲಕ್ ಸೊಪ್ಪು. 1966ರಲ್ಲಿ ಆಂಡ್ರೆ ಯಾಗೆನ್‌ಡಾರ್ಫ್ ಮತ್ತು ಅರ್ನೆಸ್ಟ್ ಉರಿಬೆ ಪಾಲಕ್ ಸೊಪ್ಪಿನ ಥೈಲಕಾಯ್ಡ್‌ಗಳನ್ನು ಕತ್ತಲಲ್ಲೇ ಮೊದಲು ಹುಳಿಯಾದ ದ್ರಾವಣದಲ್ಲಿ ನೆನೆಸಿಟ್ಟರು. ಒಳಗೂ ಹುಳಿ ತುಂಬಿಕೊಂಡಿತು. ಆಮೇಲೆ ತಟ್ಟನೆ ಕ್ಷಾರದ ದ್ರಾವಣಕ್ಕೆ ಹಾಕಿದರು. ಒಳಗೆ ಹುಳಿ, ಹೊರಗೆ ಕ್ಷಾರ: ಅಣೆಕಟ್ಟು ತುಂಬಿ ಗೇಟು ತೆಗೆದಂತಾಯಿತು. ಒಂದು ಕಿರಣ ಬೆಳಕೂ ಇಲ್ಲದೆ ಎಟಿಪಿ ತಯಾರಾಯಿತು. ಬೆಳಕಿನ ಕೆಲಸ ನೀರು ಏರಿಸುವ ಪಂಪಿನದಷ್ಟೇ, ಚಕ್ರ ತಿರುಗಿಸುವುದು ಕಟ್ಟಿನಿಂತ ಪ್ರೋಟಾನು ಎಂಬುದಕ್ಕೆ ಇದಕ್ಕಿಂತ ಚೆಂದದ ಪುರಾವೆಯನ್ನು ನಾನು ಜೀವವಿಜ್ಞಾನದಲ್ಲಿ ಕಂಡಿಲ್ಲ. ಮಿಚೆಲ್‌ಗೆ 1978ರಲ್ಲಿ ನೊಬೆಲ್ ಬಂತು.

ಇಷ್ಟೆಲ್ಲ ನಾಜೂಕಿನ ಮುಂದೆ ನಂತರದ ಹಂತ ಪೆದ್ದುತನದ್ದು. ಎಟಿಪಿಯ ಶಕ್ತಿಯಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚಬೇಕು. ಹಿಡಿಯುವ ಕಿಣ್ವ ರುಬಿಸ್ಕೊ. ಬೇರೆ ಕಿಣ್ವಗಳು ಸೆಕೆಂಡಿಗೆ ಸಾವಿರಗಟ್ಟಲೆ ಅಣುಗಳನ್ನು ವಿಲೇವಾರಿ ಮಾಡಿದರೆ ಈ ಮಹಾಶಯ ಮಾಡುವುದು ಮೂರೋ ನಾಲ್ಕೋ. ಸಾಲದ್ದಕ್ಕೆ ನಾಲ್ಕೈದು ಸಲಕ್ಕೊಮ್ಮೆ ಇಂಗಾಲದ ಡೈಆಕ್ಸೈಡ್ ಎಂದು ತಪ್ಪು ತಿಳಿದು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಆ ತಪ್ಪನ್ನು ಸರಿಪಡಿಸಲು ಗಿಡ ಮಾಡಿದ ಗಳಿಕೆಯಲ್ಲೇ ಖರ್ಚು ಮಾಡಬೇಕು. ರುಬಿಸ್ಕೊ ರೂಪುಗೊಂಡ ಕಾಲದಲ್ಲಿ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ, ಗುರುತಿಸುವ ಅಗತ್ಯವೂ ಇರಲಿಲ್ಲ. ಆ ಆಮ್ಲಜನಕವನ್ನು ಗಾಳಿಗೆ ತುಂಬಿದ್ದು ಇದೇ ಮನೆತನ. ಕೆಲಸ ನಿಧಾನವಾದ್ದರಿಂದ ಆಳುಗಳನ್ನು ಹೆಚ್ಚು ಇಟ್ಟುಕೊಳ್ಳದೆ ವಿಧಿಯಿಲ್ಲ. ಎಲೆಯ ಕರಗುವ ಪ್ರೋಟೀನಿನಲ್ಲಿ ಅರ್ಧದವರೆಗೂ ರುಬಿಸ್ಕೊ ಒಂದೇ ಇರಬಹುದು. ದನ ಮೇಯುವ ಹುಲ್ಲಿನ ಸತ್ವದಲ್ಲಿ ದೊಡ್ಡ ಪಾಲು ಅದು.

ಈ ಪೆದ್ದುತನಕ್ಕೆ ಉಪಾಯ ಹುಡುಕಿಕೊಂಡ ಬೆಳೆಗಳು ನಮ್ಮ ಹೊಲದಲ್ಲೇ ಇವೆ. ರಾಗಿ, ಜೋಳ, ಸಜ್ಜೆ, ಕಬ್ಬು, ಮೆಕ್ಕೆಜೋಳ. ಇವು ಹೊರಸಾಲಿನ ಕೋಶಗಳಲ್ಲಿ ಬೇರೊಂದು ಕಿಣ್ವದಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಎಲೆಯ ನರಗಳ ಸುತ್ತ ಇರುವ ಒಳಕೋಶಗಳಿಗೆ ಸಾಗಿಸಿ, ಅಲ್ಲಿ ಒತ್ತಿ ತುಂಬುತ್ತವೆ. ಅಲ್ಲಿ ರುಬಿಸ್ಕೊಗೆ ತಪ್ಪು ಮಾಡಲು ಅವಕಾಶ ಕಡಿಮೆ. ಎಲೆಯ ರಂಧ್ರಗಳನ್ನು ಹೆಚ್ಚು ಹೊತ್ತು ತೆರೆದಿಡಬೇಕಿಲ್ಲವಾದ್ದರಿಂದ ನೀರೂ ಉಳಿಯುತ್ತದೆ. ಭತ್ತಕ್ಕೂ ಗೋಧಿಗೂ ಈ ಉಪಾಯ ಗೊತ್ತಿಲ್ಲ. ಬಯಲುಸೀಮೆ ರಾಗಿ, ಜೋಳಗಳನ್ನು ನೆಚ್ಚಿಕೊಂಡಿರುವುದರ ಹಿಂದೆ ಇದೂ ಒಂದು ಕಾರಣ.

ಈಗ ಅಡುಗೆಯವರ ಊರು-ಕೇರಿಯ ವಿಚಾರ. 1883ರಲ್ಲಿ ಜರ್ಮನಿಯ ಆಂಡ್ರಿಯಾಸ್ ಶಿಂಪರ್ ಒಂದು ವಿಷಯ ಗಮನಿಸಿದ. ಕೋಶ ಕ್ಲೋರೋಪ್ಲಾಸ್ಟನ್ನು ಹೊಸದಾಗಿ ಕಟ್ಟುವುದಿಲ್ಲ. ಇರುವ ಕಣವೇ ಬ್ಯಾಕ್ಟೀರಿಯಾದಂತೆ ನಡು ಸಣ್ಣಗಾಗಿ ಎರಡಾಗುತ್ತದೆ. ಹಾಗಾದರೆ ಇದು ಎರಡು ಜೀವಿಗಳ ಸಹವಾಸವಿರಬಹುದೇ ಎಂದು ಅಡಿಟಿಪ್ಪಣಿಯೊಂದರಲ್ಲಿ ಕೇಳಿ ಸುಮ್ಮನಾದ. ಅಡಿಟಿಪ್ಪಣಿಯನ್ನು ಸಿದ್ಧಾಂತ ಮಾಡಿದ್ದು ರಷ್ಯಾದ ಕಾನ್‌ಸ್ಟಾಂಟಿನ್ ಮೆರೆಷ್‌ಕೋವ್‌ಸ್ಕಿ, 1905ರಲ್ಲಿ. ಹಸಿರು ಕಣಗಳು ಬೇರೆಯದೇ ಜೀವಿಗಳು, ನೀಲಿ-ಹಸಿರು ಪಾಚಿಗಳ ಬಂಧುಗಳು ಎಂದು ಆತ ನೇರವಾಗಿ ಬರೆದ. ಸಿಂಹದ ಕೋಶಗಳಲ್ಲೂ ಈ ಕಣಗಳಿದ್ದಿದ್ದರೆ ಅದು ಬೇಟೆಯ ಗೊಡವೆ ಬಿಟ್ಟು ತಾಳೆಮರದ ಪಕ್ಕದಲ್ಲಿ ಬಿಸಿಲಿಗೆ ಮೈಯೊಡ್ಡಿ ಸಮಾಧಾನವಾಗಿ ಮಲಗಿರುತ್ತಿತ್ತು ಎಂಬ ಕಲ್ಪನೆಯೂ ಅವನದೇ. ವಿಜ್ಞಾನಿಗಳು ನಕ್ಕರು, ಮರೆತರು.

1962ರಲ್ಲಿ ಕ್ಲೋರೋಪ್ಲಾಸ್ಟಿನ ಒಳಗೇ ಡಿಎನ್‌ಎ ಇದೆ ಎಂದು ಹಾನ್ಸ್ ರಿಸ್ ಮತ್ತು ವಾಲ್ಟರ್ ಪ್ಲಾಟ್ ತೋರಿಸಿದರು. 1967ರಲ್ಲಿ ಲಿನ್ ಮಾರ್ಗುಲಿಸ್ ಹಳೆಯ ವಾದಕ್ಕೆ ಹೊಸ ಸಾಕ್ಷ್ಯಗಳನ್ನು ಕೂಡಿಸಿ ಪ್ರಕಟಿಸಿದಳು. ಅಷ್ಟರೊಳಗೆ ಹದಿನೈದರಷ್ಟು ಪತ್ರಿಕೆಗಳು ಆ ಲೇಖನವನ್ನು ವಾಪಸು ಕಳಿಸಿದ್ದವು. ವಾದಕ್ಕೆ ತೆರೆ ಬಿದ್ದದ್ದು 1975ರಲ್ಲಿ, ಕೆನಡಾದ ಲಿಂಡಾ ಬೋನೆನ್ ಮತ್ತು ಫೋರ್ಡ್ ಡೂಲಿಟಲ್ ಕೆಂಪು ಪಾಚಿಯೊಂದರ ಕ್ಲೋರೋಪ್ಲಾಸ್ಟಿನ ಆರ್‌ಎನ್‌ಎ ಪರೀಕ್ಷಿಸಿದಾಗ. ಅದರ ಮುಖ ಅದೇ ಪಾಚಿಯ ಕೋಶಕೇಂದ್ರದ ಕಡೆಗಿರಲಿಲ್ಲ, ಬ್ಯಾಕ್ಟೀರಿಯಾಗಳ ಕಡೆಗಿತ್ತು. ಹತ್ತಿರದ ನೆಂಟರು ಸಯನೋಬ್ಯಾಕ್ಟೀರಿಯಾ, ಅಂದರೆ ನಾವು ನೀಲಿ-ಹಸಿರು ಪಾಚಿ ಎಂದು ಕರೆಯುವವು. ಭತ್ತದ ಗದ್ದೆಯ ನೀರಿನಲ್ಲಿರುವುದೂ ಅವೇ, ಸ್ಪಿರುಲಿನಾ ಎಂದು ಮಾತ್ರೆ ಮಾಡಿ ಮಾರುವುದೂ ಅವುಗಳಲ್ಲೊಂದನ್ನೇ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಗೆ ಆಮ್ಲಜನಕ ತುಂಬತೊಡಗಿದ್ದು ಅವುಗಳ ಪೂರ್ವಜರಿಂದ.

ಒಂದು ಕೋಶ ಇಂಥದೊಂದು ಬ್ಯಾಕ್ಟೀರಿಯಾವನ್ನು ತಿನ್ನಲು ನುಂಗಿರಬೇಕು, ಅರಗಿಸಿಕೊಳ್ಳದೆ ಬಿಟ್ಟಿರಬೇಕು. ಕೆನಡಾದ ಉತ್ತರ ಧ್ರುವ ಪ್ರದೇಶದ ಶಿಲೆಗಳಲ್ಲಿ ಸುಮಾರು 105 ಕೋಟಿ ವರ್ಷ ಹಳೆಯ ಕೆಂಪು ಪಾಚಿಯ ಪಳೆಯುಳಿಕೆ ಸಿಕ್ಕಿದೆ. ಘಟನೆ ಅದಕ್ಕಿಂತ ಮುಂಚಿನದು ಎಂಬುದಷ್ಟೇ ಗಟ್ಟಿ. ನುಂಗಿದ್ದು ಮೊದಲ ಹೆಜ್ಜೆ ಮಾತ್ರ. ನಿಜವಾದ ವಿಕಾಸ ನಡೆದದ್ದು ಆಮೇಲೆ, ಆಸ್ತಿಯ ವಿಚಾರದಲ್ಲಿ. ಹೊರಗೆ ಸ್ವತಂತ್ರವಾಗಿ ಬದುಕುವ ಸಯನೋಬ್ಯಾಕ್ಟೀರಿಯಾದಲ್ಲಿ ಮೂರು ಸಾವಿರದಷ್ಟು ವಂಶವಾಹಿಗಳಿರುತ್ತವೆ. 1986ರಲ್ಲಿ ಜಪಾನಿನ ಎರಡು ತಂಡಗಳು, ಒಂದು ತಂಬಾಕಿನ, ಇನ್ನೊಂದು ಲಿವರ್‌ವರ್ಟ್ ಎಂಬ ನೆಲಪಾಚಿಯ ಕ್ಲೋರೋಪ್ಲಾಸ್ಟ್ ಡಿಎನ್‌ಎಯನ್ನು ಪೂರ್ತಿ ಓದಿದಾಗ ಅಲ್ಲಿ ಉಳಿದಿದ್ದು ನೂರು ಚಿಲ್ಲರೆ. ಕೆಲವು ನಶಿಸಿದವು, ಬಹಳಷ್ಟು ಕೋಶಕೇಂದ್ರಕ್ಕೆ ವರ್ಗವಾದವು. ಖಾತೆ ಬದಲಾವಣೆ ಅನ್ನಿ. ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಗಿಡದಲ್ಲಿ ಕೋಶಕೇಂದ್ರದ ಶೇ 18ರಷ್ಟು ವಂಶವಾಹಿಗಳು ಹೀಗೆ ಬಂದವು ಎಂದು 2002ರಲ್ಲಿ ಒಂದು ಅಂದಾಜು ಮಾಡಲಾಯಿತು.

ಆದ್ದರಿಂದ ಇಂದು ಕ್ಲೋರೋಪ್ಲಾಸ್ಟಿಗೆ ಬೇಕಾದ ಎರಡು ಮೂರು ಸಾವಿರ ಪ್ರೋಟೀನುಗಳಲ್ಲಿ ಹೆಚ್ಚಿನವು ಹೊರಗೆ ತಯಾರಾಗಿ ಬರುತ್ತವೆ. ಹೆಚ್ಚುಕಡಿಮೆ ಎಲ್ಲದರ ತುದಿಗೂ ವಿಳಾಸದ ಚೀಟಿ ಅಂಟಿರುತ್ತದೆ. ಕಣದ ಎರಡು ಪೊರೆಗಳಲ್ಲಿರುವ ಬಾಗಿಲುಗಳು ಚೀಟಿ ನೋಡಿ ಒಳಗೆ ಬಿಟ್ಟುಕೊಳ್ಳುತ್ತವೆ, ಒಳಗೆ ಬಂದ ಮೇಲೆ ಚೀಟಿಯನ್ನು ಹರಿದು ಹಾಕಲಾಗುತ್ತದೆ. ರುಬಿಸ್ಕೊದ ಕಥೆ ಇನ್ನೂ ವಿಚಿತ್ರ: ಅದರ ದೊಡ್ಡ ತುಂಡುಗಳು ಎಂಟು, ಅವು ಕ್ಲೋರೋಪ್ಲಾಸ್ಟಿನಲ್ಲೇ ಆಗುತ್ತವೆ. ಚಿಕ್ಕ ತುಂಡುಗಳೂ ಎಂಟು, ಅವುಗಳ ನಕ್ಷೆ ಕೋಶಕೇಂದ್ರದಲ್ಲಿ. ಎರಡೂ ಕಡೆಯವರು ಕೂಡದೆ ಒಲೆ ಹೊತ್ತುವುದಿಲ್ಲ. ಅಡುಗೆಯವರಿಗೆ ಇನ್ನು ಮನೆ ಬಿಟ್ಟು ಹೋಗುವ ದಾರಿಯಿಲ್ಲ, ಮನೆಯವರಿಗೆ ಅವರನ್ನು ಬಿಟ್ಟು ಗತಿಯಿಲ್ಲ.

ಹಾಗಿದ್ದರೆ ಕ್ಲೋರೋಪ್ಲಾಸ್ಟ್ ಆ ನೂರು ಚಿಲ್ಲರೆ ವಂಶವಾಹಿಗಳನ್ನಾದರೂ ಏಕೆ ಉಳಿಸಿಕೊಂಡಿದೆ? ಜಾನ್ ಅಲೆನ್ ಎಂಬ ವಿಜ್ಞಾನಿಯ ಉತ್ತರ ನನಗೆ ಒಪ್ಪಿಗೆಯಾಗುತ್ತದೆ, ಇನ್ನೂ ಊಹೆಯ ಮಟ್ಟದಲ್ಲೇ ಇದ್ದರೂ. ಬೆಳಕಿನ ಏರಿಳಿತಕ್ಕೆ ಎಲೆಕ್ಟ್ರಾನಿನ ದಾರಿ ಕ್ಷಣಕ್ಷಣಕ್ಕೂ ಹದಗೆಡುತ್ತದೆ. ಒಲೆಯ ಉರಿ ಹೆಚ್ಚು ಕಡಿಮೆ ಮಾಡುವ ಕೀಲಿ ಒಲೆಯ ಪಕ್ಕದಲ್ಲೇ ಇರಬೇಕಲ್ಲ, ತಾಲ್ಲೂಕು ಕಚೇರಿಯಲ್ಲಿದ್ದರೆ ಆಗುತ್ತದೆಯೇ? ನೀರೊಡೆಯುವ ಯಂತ್ರದ ಡಿ1 ಎಂಬ ಪ್ರೋಟೀನ್ ಜೋರು ಬಿಸಿಲಲ್ಲಿ ಅರ್ಧ ಗಂಟೆಗೇ ಸುಟ್ಟುಹೋಗಬಹುದು. ಅದನ್ನು ಕಳಚಿ ಹೊಸದನ್ನು ಕೂರಿಸುವ ಕೆಲಸ ಹಗಲಿಡೀ ನಡೆದೇ ಇರುತ್ತದೆ. ಅದರ ವಂಶವಾಹಿ ಇವತ್ತಿಗೂ ಕ್ಲೋರೋಪ್ಲಾಸ್ಟಿನಲ್ಲೇ ಇದೆ.

ಖಾತೆ ಬದಲಾವಣೆ ಅರ್ಧದಲ್ಲಿರುವ ಪ್ರಕರಣವೂ ಒಂದಿದೆ. ಪಾಲಿನೆಲ್ಲಾ ಎಂಬ ಅಮೀಬಾ ಜಾತಿಯ ಜೀವಿ ಬೇರೊಂದು ಸಯನೋಬ್ಯಾಕ್ಟೀರಿಯಾವನ್ನು ತನ್ನ ಪಾಡಿಗೆ ತಾನು ಒಳಗಿಟ್ಟುಕೊಂಡಿದ್ದು ಸುಮಾರು ಹತ್ತು ಕೋಟಿ ವರ್ಷಗಳ ಈಚೆಗೆ. ಅದರ ಹಸಿರು ಕಣದಲ್ಲಿ ಇನ್ನೂ ಎಂಟುನೂರಕ್ಕೂ ಹೆಚ್ಚು ವಂಶವಾಹಿಗಳಿವೆ. ಇನ್ನೊಂದು ಪ್ರಕರಣ ನಮಗೆ ಬೇಡದಷ್ಟು ಹತ್ತಿರದ್ದು. ಮಲೇರಿಯಾ ರೋಗಾಣುವಿನೊಳಗೆ ನಾಲ್ಕು ಪೊರೆಗಳ, ಬಣ್ಣಗೆಟ್ಟ ಒಂದು ಕಣವಿದೆ. ಅದು ಪಾಳುಬಿದ್ದ ಕ್ಲೋರೋಪ್ಲಾಸ್ಟ್ ಎಂದು 1990ರ ದಶಕದಲ್ಲಿ ಖಚಿತವಾಯಿತು. ರೋಗಾಣುವಿನ ಪೂರ್ವಜ ಒಂದು ಕಾಲಕ್ಕೆ ಬಿಸಿಲುಂಡು ಬದುಕಿದ್ದ ಜೀವಿ, ಈಗ ನಮ್ಮ ರಕ್ತ ಕುಡಿದು ಬದುಕುತ್ತಿದೆ. ಅಡುಗೆ ನಿಂತರೂ ಆ ಕಣ ಕೆಲವು ಅಗತ್ಯ ರಾಸಾಯನಿಕಗಳನ್ನು ಮಾಡಿಕೊಡುತ್ತಿರುವುದರಿಂದ ರೋಗಾಣುವಿಗೆ ಅದನ್ನು ಬಿಡಲಾಗಿಲ್ಲ. ಬ್ಯಾಕ್ಟೀರಿಯಾಗಳನ್ನು ಕೊಲ್ಲಲೆಂದು ಮಾಡಿದ ಡಾಕ್ಸಿಸೈಕ್ಲಿನ್ ಮಲೇರಿಯಾಕ್ಕೂ ನಾಟುವುದು ಇದೇ ಕಾರಣಕ್ಕೆ. ಆ ಕಣದ ಪ್ರೋಟೀನ್ ಕಟ್ಟುವ ಯಂತ್ರ ಇಂದಿಗೂ ಬ್ಯಾಕ್ಟೀರಿಯಾ ಮಾದರಿಯದು.

ಕ್ಲೋರೋಪ್ಲಾಸ್ಟನ್ನೇ ಗುರಿಯಾಗಿಸಿಕೊಂಡ ಮದ್ದು ಹೊಲದಲ್ಲೂ ಇದೆ. ಹಾವೇರಿ, ದಾವಣಗೆರೆ ಕಡೆಯ ಮೆಕ್ಕೆಜೋಳದ ರೈತರಿಗೆ ಅಟ್ರಜಿನ್ ಗೊತ್ತು. ಆ ಕಳೆನಾಶಕ ಹೋಗಿ ಅಡ್ಡ ಕೂರುವುದು ಮೇಲೆ ಹೇಳಿದ ಡಿ1 ಪ್ರೋಟೀನಿನ ಸಂದಿಯಲ್ಲಿ. ಎಲೆಕ್ಟ್ರಾನು ಮುಂದೆ ಹೋಗದೆ, ನುಂಗಿದ ಬೆಳಕೇ ಕಳೆಯನ್ನು ಒಳಗಿನಿಂದ ಸುಡುತ್ತದೆ. ಮೆಕ್ಕೆಜೋಳಕ್ಕೆ ಅದನ್ನು ನಿರ್ವಿಷ ಮಾಡಿಕೊಳ್ಳುವ ಕಿಣ್ವವಿದೆ. 1970ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಿಂದ ಈ ಬಗೆಯ ಕಳೆನಾಶಕಕ್ಕೆ ಸಾಯದ ಗ್ರೌಂಡ್ಸೆಲ್ ಕಳೆಯ ಸುದ್ದಿ ಬಂತು. ಹೀಗೆ ಜಗ್ಗದೆ ನಿಂತ ಕಳೆಗಳಲ್ಲಿ ಬದಲಾಗಿದ್ದು ಎಷ್ಟು ಎಂಬುದು 1983ರಲ್ಲಿ ದಂಟಿನ ಜಾತಿಯ ಕಳೆಯೊಂದರಲ್ಲಿ ಗೊತ್ತಾಯಿತು: ಡಿ1 ವಂಶವಾಹಿಯ ಒಂದೇ ಒಂದು ಅಕ್ಷರ. ಆ ಸಂದಿಯಲ್ಲಿ ವಿಷಕ್ಕೆ ಹಿಡಿತ ಸಿಗದಾಯಿತು. ಕಳೆ ಬದುಕಿತು, ಒಲೆ ಮಾತ್ರ ಕೊಂಚ ನಿಧಾನವಾಯಿತು.

ಆ ಗುಣ ಮುಂದಿನ ಪೀಳಿಗೆಗೆ ಹೋಗುವುದು ತಾಯಿ ಗಿಡದಿಂದ ಮಾತ್ರ, ಪರಾಗದಿಂದ ಹೋಗುವುದಿಲ್ಲ. ಹೆಚ್ಚಿನ ಹೂಗಿಡಗಳಲ್ಲಿ ಕ್ಲೋರೋಪ್ಲಾಸ್ಟು ಬರುವುದು ಅಂಡಕೋಶದ ಮೂಲಕ. ತುಳುನಾಡಿನ ಅಳಿಯಸಂತಾನದಂತೆ ತಾಯಿಯ ಕಡೆಯಿಂದ ಇಳಿದು ಬರುವ ಆಸ್ತಿ ಇದು. ಪೈನ್ ಜಾತಿಯ ಮರಗಳದು ಇದಕ್ಕೆ ತದ್ವಿರುದ್ಧ, ಅಲ್ಲಿ ತಂದೆಯ ಕಡೆಯಿಂದ. ತಾಯಿಯ ಕಡೆಯ ಈ ಇಳಿಕೆಯನ್ನು ಮೊದಲು ಕಂಡವರಲ್ಲಿ ಒಬ್ಬ ಕಾರ್ಲ್ ಕಾರೆನ್ಸ್, 1900ರಲ್ಲಿ ಮೆಂಡೆಲನ ಮರೆತುಹೋದ ನಿಯಮಗಳನ್ನು ಮತ್ತೆ ಬೆಳಕಿಗೆ ತಂದವರಲ್ಲೂ ಒಬ್ಬ. ಒಂಬತ್ತು ವರ್ಷದ ನಂತರ ಆ ನಿಯಮಗಳನ್ನು ಮೀರುವ ಗಿಡವನ್ನೂ ತೋರಿಸಿಕೊಟ್ಟದ್ದು ಅವನೇ. ಗಿಡ ಯಾವುದೆಂದರೆ ನಮ್ಮ ಹಿತ್ತಲ ಸಂಜೆಮಲ್ಲಿಗೆ.

ಅವನಲ್ಲಿದ್ದ ಗಿಡಗಳಲ್ಲಿ ಕೆಲವು ಕೊಂಬೆಯ ಎಲೆ ಪೂರ್ತಿ ಹಸಿರು, ಕೆಲವದರ ಎಲೆ ಪೂರ್ತಿ ಬಿಳಿ, ಉಳಿದವು ಬಣ್ಣ ಬಣ್ಣದ ತೇಪೆ. ಯಾವ ಕೊಂಬೆಯ ಪರಾಗವನ್ನು ತಂದು ಮುಟ್ಟಿಸಿದರೂ ಹುಟ್ಟುವ ಸಸಿಯ ಬಣ್ಣವನ್ನು ತೀರ್ಮಾನಿಸುತ್ತಿದ್ದುದು ಬೀಜ ಕಟ್ಟಿದ ಕೊಂಬೆ. ಹಸಿರು ಕೊಂಬೆಯ ಬೀಜದಿಂದ ಹಸಿರು ಸಸಿಗಳು. ಬಿಳಿ ಕೊಂಬೆಯ ಬೀಜದಿಂದ, ತಂದೆ ಎಷ್ಟೇ ಹಸಿರಾಗಿದ್ದರೂ, ಬಿಳಿ ಸಸಿಗಳು. ಅವುಗಳ ಕೋಶಗಳಲ್ಲಿ ಕಣಗಳಿದ್ದವು, ಆದರೆ ಅಡುಗೆ ಮರೆತ ಕಣಗಳು. ಬೇರು ಸರಿಯಾಗಿತ್ತು, ನೀರಿತ್ತು, ಬಿಸಿಲಿತ್ತು. ಬೀಜದೊಳಗಿನ ಹಿಟ್ಟು ಮುಗಿಯುವವರೆಗೆ ಬೆಳೆದು ಅವು ಸತ್ತವು.